ಐವತ್ತು ಮೀಟರ್ ಹಗ್ಗ, ಮೂರು ಬಕೆಟ್, ಒಂದು ಡಬ್ಬಿ ಗುಂಡಿ: ನನ್ನ ತರಬೇತಿ ಕಿಟ್ ಎಲ್ಲಿಗೆ ಬಂತು

ವಾರ 1

ಈ ಕೆಲಸ ಶುರುವಾಗಿದ್ದು ನನ್ನದೇ ಒಂದು ಕೆಟ್ಟ ಪಾಠದಿಂದ. ಸಾವಿರಾರು ಜನ ರಾತ್ರೋರಾತ್ರಿ ಗಡಿ ದಾಟಿ ಬಂದರೆ ನೀರು, ಶೌಚಾಲಯ, ಜಾಗ ಎಲ್ಲ ಹೇಗೆ ಹೊಂದಿಸಬೇಕು ಅಂತ ಸ್ಥಳೀಯ ಅಧಿಕಾರಿಗಳಿಗೆ ಎರಡು ಗಂಟೆ ಹೇಳಿಕೊಡಿ ಎಂದು ಕರೆದಿದ್ದರು. 64 ಸ್ಲೈಡ್ ಮಾಡಿಕೊಂಡು ಹೋದೆ. ವಿಪತ್ತಿನ ನೆರವಿಗೆ ಕನಿಷ್ಠ ಮಟ್ಟ ಎಷ್ಟಿರಬೇಕು ಅಂತ ಹೇಳುವ ಸ್ಫಿಯರ್ ಕೈಪಿಡಿಯ 2018ರ ಆವೃತ್ತಿಯಿಂದ ಅಂಕಿಗಳನ್ನೆಲ್ಲ ಸಾಲಾಗಿ ಎತ್ತಿ ಹಾಕಿದ್ದೆ. ಕೊನೆಗೆ, ಯಾರಾದರೂ ಎಚ್ಚರ ಇದ್ದಾರಾ ನೋಡೋಣ ಅಂತ ಒಂದು ಪ್ರಶ್ನೆ ಕೇಳಿದೆ: ಐದು ಸಾವಿರ ಜನ ಬಂದರೆ ಮೊದಲ ಹಂತದಲ್ಲಿ ಎಷ್ಟು ಶೌಚಾಲಯ ಬೇಕು?

"ಐವತ್ತು ಜನಕ್ಕೆ ಒಂದು ಅಂದ್ರೆ ನೂರು," ಎಂದರು ಹಿಂದಿನ ಸಾಲಿನಲ್ಲಿದ್ದ ಆರೋಗ್ಯ ನಿರೀಕ್ಷಕಿ. ಒಂದು ಕ್ಷಣವೂ ತಡ ಮಾಡಲಿಲ್ಲ. ಆಮೇಲೆ ಅವರೇ ಕೇಳಿದರು. "ಸರ್, ನಮ್ಮ ಗೋಡೌನಿನಲ್ಲಿ ಶೌಚಗುಂಡಿ ಮೇಲೆ ಹಾಸೋ ಸ್ಲ್ಯಾಬ್ ಇರೋದು ಹನ್ನೆರಡು. ಹನ್ನೆರಡರಲ್ಲಿ ಏನ್ ಮಾಡ್ಲಿ?"

64 ಸ್ಲೈಡಿನಲ್ಲಿ ಎಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಏನೋ ಒಂದು ಹೇಳಿ ಜಾರಿಕೊಂಡೆ.

ಮನೆಗೆ ಬಂದು ಸ್ಲೈಡೆಲ್ಲ ಅಳಿಸಿದೆ. ಅಂಕಿ ಕಲಿಸೋದು ಕಷ್ಟವೇ ಅಲ್ಲ, ಅವರಿಗೆ ಗುಣಾಕಾರ ನನಗಿಂತ ಚೆನ್ನಾಗಿ ಬರುತ್ತೆ. ಬೇಕಾಗಿರೋದು ಕೊರತೆಯಲ್ಲಿ ತೀರ್ಮಾನ ತಗೊಳ್ಳುವ ಅಭ್ಯಾಸ. ಹಾಗಾಗಿ ಪ್ರೊಜೆಕ್ಟರ್ ಇಲ್ಲದೆ, ಒಂದೇ ಟ್ರಂಕಿನಲ್ಲಿ ಹಿಡಿಯುವ, ಮೂರು ದಿನದ ತರಬೇತಿ ಕಿಟ್ ಮಾಡೋಣ ಅಂತ ಹೊರಟೆ.

ವಾರ 3

ನಕ್ಷೆ ತಯಾರಾಯಿತು. ಹಳೇ ಬೆಡ್‌ಶೀಟ್ ಮೇಲೆ ಪೇಂಟ್ ಮಾಡಿದ್ದೇನೆ. ಒಂದು ಇಳಿಜಾರು, ಒಂದು ಹೊಳೆ, ಎರಡು ಬಾವಿ, ಒಂದು ಫುಟ್‌ಬಾಲ್ ಮೈದಾನ, ಒಂದು ಶಾಲೆ. ಜನರ ಬದಲು ಅಂಗಿಯ ಗುಂಡಿಗಳು, ಒಂದೊಂದು ಗುಂಡಿ ಎಂದರೆ ನೂರು ಜನ. ಶೌಚಗುಂಡಿಗೂ ಗುಂಡಿ ಅಂತಲೇ ಹೇಳುವುದರಿಂದ "ಗುಂಡಿ ಎಲ್ಲಿಡಲಿ?" ಎಂಬ ಪ್ರಶ್ನೆಗೆ ತರಗತಿಯಲ್ಲಿ ಎರಡು ಅರ್ಥ ಬರುತ್ತೆ. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ಹಾಗೇ ಬಿಟ್ಟೆ.

ಇಬ್ಬರು ಗೆಳೆಯರ ಮೇಲೆ ಪ್ರಯೋಗ ಮಾಡಿದೆ. ಇಬ್ಬರೂ ಮೊದಲು ಮಾಡಿದ್ದು ಒಂದೇ ಕೆಲಸ, ಎರಡು ಸಾವಿರ ಜನರನ್ನು ಫುಟ್‌ಬಾಲ್ ಮೈದಾನಕ್ಕೆ ಹಾಕಿದ್ದು. ನೋಡಲು ದೊಡ್ಡದಾಗಿದೆ, ಸಮತಟ್ಟಾಗಿದೆ, ಸರ್ಕಾರದ್ದೇ ಜಾಗ. ಆದರೆ ಶಿಬಿರಕ್ಕೆ ತಲೆಗೆ 45 ಚದರ ಮೀಟರ್ ಎಂಬ ಲೆಕ್ಕ ಇದೆ. ಅದರಲ್ಲಿ ದಾರಿ, ಶೌಚಾಲಯ, ಬೆಂಕಿ ಹರಡದಂತೆ ಬಿಡುವ ಖಾಲಿ ಪಟ್ಟಿ ಎಲ್ಲ ಸೇರುತ್ತೆ. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನ ಅಂದರೆ 7140 ಚದರ ಮೀಟರ್. ಹಿಡಿಯೋದು 158 ಜನ. ಒಂದೂವರೆ ಗುಂಡಿ! ಹತ್ತು ಸಾವಿರ ಜನಕ್ಕೆ 45 ಹೆಕ್ಟೇರ್ ಬೇಕು ಎಂದಾಗ ಒಬ್ಬ ಗೆಳೆಯ ನಕ್ಷೆಯಿಂದ ಎದ್ದು ದೂರ ಹೋಗಿ ನಿಂತ.

ವಾರ 4

ನಲ್ಲಿಯ ಪಾಠ ಬರೆದೆ. ಇದು ನನಗೆ ಬಹಳ ಇಷ್ಟವಾದ ಭಾಗ. "ಒಂದು ನಲ್ಲಿಗೆ 250 ಜನ" ಎಂಬ ಅಂಕಿಯನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಅದು ಎಲ್ಲಿಂದ ಬಂತು ಅಂತ ಯಾರೂ ಕೇಳೋದಿಲ್ಲ. ನಿಮಿಷಕ್ಕೆ 7.5 ಲೀಟರ್ ಬರುವ ನಲ್ಲಿ ಗಂಟೆಗೆ 450 ಲೀಟರ್ ಕೊಡುತ್ತೆ. ಎಂಟು ಗಂಟೆ ಬಿಟ್ಟರೆ 3600 ಲೀಟರ್. ತಲೆಗೆ 15 ಲೀಟರಿನಂತೆ ಹಂಚಿದರೆ 240 ಜನ. ಅಷ್ಟೇ ಗುಟ್ಟು.

ಅಂದರೆ ನಲ್ಲಿ ಎಣಿಸಿದರೆ ಸಾಲದು, ನೀರು ಅಳೆಯಬೇಕು. ಪಾಠ ಹೀಗೆ: 20 ಲೀಟರಿನ ಕ್ಯಾನು, ಫೋನಿನ ಸ್ಟಾಪ್‌ವಾಚು, ಕಟ್ಟಡದ ಹೊರಗಿರುವ ಯಾವುದಾದರೂ ನಲ್ಲಿ. ನಾನು ಪರೀಕ್ಷೆ ಮಾಡಿದ ನಲ್ಲಿಯಲ್ಲಿ ಕ್ಯಾನು ತುಂಬಲು ಐದು ನಿಮಿಷ ಹಿಡಿಯಿತು. ನಿಮಿಷಕ್ಕೆ ನಾಲ್ಕು ಲೀಟರ್. ಆ ನಲ್ಲಿ 128 ಜನಕ್ಕೆ ಮಾತ್ರ ಸಾಕು. ವರದಿಯಲ್ಲಿ ಅದೂ ಒಂದು ನಲ್ಲಿ, ಇದೂ ಒಂದು ನಲ್ಲಿ.

ವಾರ 5

ಕ್ಲೋರಿನ್ ವಾರ. ಮರ್ಯಾದೆ ಹೋದ ವಾರ ಕೂಡ.

ಲೆಕ್ಕ ಸುಲಭ. 65ರಿಂದ 70 ಪರ್ಸೆಂಟ್ ಶಕ್ತಿಯ ಕ್ಲೋರಿನ್ ಪುಡಿ 15 ಗ್ರಾಂ, ಒಂದು ಲೀಟರ್ ನೀರು. ಹೆಚ್ಚುಕಡಿಮೆ ಒಂದು ಪರ್ಸೆಂಟ್ ದ್ರಾವಣ ಆಗುತ್ತೆ. 20 ಲೀಟರ್ ಬಕೆಟ್ಟಿಗೆ ಅದರಲ್ಲಿ 4 ಮಿಲಿಲೀಟರ್ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಬೀಳುತ್ತೆ. ಅರ್ಧ ಗಂಟೆ ಬಿಟ್ಟು, ಕ್ಲೋರಿನ್ ಉಳಿದಿದೆಯಾ ಅಂತ ತೋರಿಸುವ ಡಿಪಿಡಿ ಮಾತ್ರೆ ಹಾಕಿ ನೋಡಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಜನರ ಕೊಡಕ್ಕೆ ಬೀಳುವ ಹೊತ್ತಿಗೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದು ಗುರಿ.

ನೆರೆಮನೆಯವರನ್ನೆಲ್ಲ ಕರೆದು ಕೂರಿಸಿ, ಮಾತ್ರೆ ಹಾಕಿ, ಕೊಳವೆ ಅಲ್ಲಾಡಿಸಿದೆ. ಗುಲಾಬಿ ಇಲ್ಲ. ಇನ್ನೊಂದು ಮಾತ್ರೆ ಹಾಕಿದೆ. ಆಗಲೂ ಇಲ್ಲ. ಕೊನೆಗೆ ಡಬ್ಬಿ ನೋಡಿದರೆ ಮುಚ್ಚಳ ಸಡಿಲ. ಎಷ್ಟೋ ತಿಂಗಳಿಂದ ಹಾಗೇ ಬಿದ್ದಿತ್ತು. ಪುಡಿ ಗಾಳಿ, ತೇವ ಕುಡಿದು ಸತ್ತುಹೋಗಿತ್ತು.

ಮೂರು ದಿನ ಬೇಜಾರಲ್ಲಿದ್ದೆ. ಆಮೇಲೆ ಹೊಳೆಯಿತು, ಇದೇ ಪಾಠ ಆಗಲಿ ಅಂತ. ಈಗ ಮೂರು ಬಕೆಟ್ ಇಡುತ್ತೇನೆ. ಮೊದಲನೆಯದರಲ್ಲಿ ತಿಳಿನೀರು, ಹೊಸ ಪುಡಿಯ ದ್ರಾವಣ. ಎರಡನೆಯದಕ್ಕೆ ಒಂದು ಹಿಡಿ ಮಣ್ಣು ಕಲಕಿ ಅದೇ ದ್ರಾವಣ. ಮೂರನೆಯದು ತಿಳಿನೀರು, ಆದರೆ ಸತ್ತ ಪುಡಿ. ಎಲ್ಲಕ್ಕೂ 4 ಮಿಲಿಲೀಟರ್. ಅರ್ಧ ಗಂಟೆ ಆದ ಮೇಲೆ ಮೊದಲನೆಯದು ಮಾತ್ರ ಗುಲಾಬಿ. ಮಣ್ಣು ನೀರಿನಲ್ಲಿ ಕ್ಲೋರಿನ್ ಮಣ್ಣಿನ ಜೊತೆಗೇ ಖರ್ಚಾಗಿ ಹೋಗಿರುತ್ತೆ. ಮೂರೂ ಬಕೆಟ್ಟಿನ ಮೇಲೆ "ಕ್ಲೋರಿನ್ ಹಾಕಿದೆ" ಎಂದು ಚೀಟಿ ಅಂಟಿಸಿರುತ್ತೇನೆ. ಮೂರೂ ಚೀಟಿ ನಿಜವೇ, ಅಲ್ವಾ?

ವಾರ 7: ಮೊದಲ ತಂಡ

ಹದಿನಾಲ್ಕು ಜನ. ಕಂದಾಯದವರು, ನೀರು ಸರಬರಾಜಿನ ಇಬ್ಬರು ಇಂಜಿನಿಯರುಗಳು, ಆರೋಗ್ಯದವರು, ಒಬ್ಬ ಪೊಲೀಸ್ ಅಧಿಕಾರಿ.

ನಕ್ಷೆಯಲ್ಲಿ ನಾನು ಎಣಿಸದೇ ಇದ್ದ ಎಡವಟ್ಟೊಂದು ನಡೆಯಿತು. ನಿರಾಶ್ರಿತರ ಶೌಚಾಲಯಗಳನ್ನು ಬಾವಿಯಿಂದ 30 ಮೀಟರ್ ದೂರಕ್ಕೆ ಶಿಸ್ತಾಗಿ ಇಟ್ಟರು. ಸಿಬ್ಬಂದಿಯ ವಸತಿಯನ್ನು ಮಾತ್ರ ಹೊಳೆಯ ದಂಡೆಗೆ ಇಟ್ಟರು. ಅಲ್ಲಿ ತಂಪು, ನೋಟವೂ ಚೆಂದ. ಅವರ ಕೊಳಚೆ ಎಲ್ಲಿಗೆ ಹೋಗುತ್ತೆ ಎಂದು ಕೇಳಿದರೆ, "ನಾವು ಬರೀ ಮೂವತ್ತು ಜನ ಅಲ್ವಾ" ಎಂದರು. ಆಗ ಹೈಟಿಯ ಕತೆ ಹೇಳಿದೆ. 2010ರ ಅಕ್ಟೋಬರಿನಲ್ಲಿ ಅಲ್ಲಿ ಕಾಲರಾ ಹಬ್ಬಿದ್ದು, ಸಹಾಯಕ್ಕೆ ಬಂದ ವಿಶ್ವಸಂಸ್ಥೆಯ ಶಾಂತಿಪಾಲಕರ ನೆಲೆಯ ಕೊಳಚೆ ಆರ್ಟಿಬೊನೈಟ್ ನದಿಯ ಉಪನದಿಗೆ ಸೇರಿ. ವಿಶ್ವಸಂಸ್ಥೆ ತನ್ನ ಪಾತ್ರದ ಬಗ್ಗೆ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರಲ್ಲಿ. ಪೊಲೀಸ್ ಅಧಿಕಾರಿ ಏನೂ ಹೇಳದೆ ಕೈ ಚಾಚಿ ಸಿಬ್ಬಂದಿ ವಸತಿಯ ಗುಂಡಿಯನ್ನು ಮೇಲಕ್ಕೆ ಸರಿಸಿದರು.

ಮಧ್ಯಾಹ್ನ ಹೊರಗೆ ಹೋಗಿ ನಿಜವಾದ ಗುಂಡಿ ತೋಡಿದೆವು. ಹಾರೆ ಒಂದೂವರೆ ಅಡಿಗೆ ಟಣ್ ಅಂತು. ಬಂಡೆ. ನನಗೆ ಒಳಗೊಳಗೇ ಖುಷಿ, ಯಾಕೆಂದರೆ ಗೋಮಾದ ವಿಷಯ ಹೇಳಲು ಇದಕ್ಕಿಂತ ಒಳ್ಳೇ ಜಾಗ ಸಿಗುತ್ತಿರಲಿಲ್ಲ. 1994ರ ಜುಲೈನಲ್ಲಿ ರುವಾಂಡಾದಿಂದ 5ರಿಂದ 8 ಲಕ್ಷ ಜನ ಕೆಲವೇ ದಿನಗಳಲ್ಲಿ ಆಗಿನ ಜೈರ್ (ಈಗಿನ ಕಾಂಗೊ) ದೇಶದ ಗೋಮಾ ಸುತ್ತಮುತ್ತ ಬಂದು ಸೇರಿದರು. ನೆಲವೆಲ್ಲ ಜ್ವಾಲಾಮುಖಿಯ ಕಲ್ಲು. ಶೌಚಗುಂಡಿ ತೋಡಲು ಆಗಲಿಲ್ಲ. ಕುಡಿಯಲು ಹತ್ತಿರ ಇದ್ದದ್ದು ಕಿವು ಸರೋವರದ ನೀರು. ಮೊದಲ ತಿಂಗಳಲ್ಲೇ ಸುಮಾರು 50 ಸಾವಿರ ಜನ ತೀರಿಕೊಂಡರು, ಹೆಚ್ಚಿನವರು ಕಾಲರಾ ಮತ್ತು ರಕ್ತಭೇದಿಯಿಂದ. ಜಾಗ ಆರಿಸುವಾಗ ಹಾರೆ ಹಿಡಿದು ಹೋಗಿ ಅಂತ ನಾನು ಬೇರೆ ಹೇಳಬೇಕಾಗಲಿಲ್ಲ. ಇಂಜಿನಿಯರ್ ಒಬ್ಬರು ಆಗಲೇ ಮರಳಿನ ಚೀಲ ಪೇರಿಸಿ ನೆಲದ ಮೇಲೆಯೇ ಎತ್ತರದ ಶೌಚಾಲಯ ಕಟ್ಟುವ ಚಿತ್ರ ಬರೆಯುತ್ತಿದ್ದರು.

ಗುಂಡಿ ಎಷ್ಟು ದಿನಕ್ಕೆ ತುಂಬುತ್ತೆ ಎಂಬ ಲೆಕ್ಕವನ್ನೂ ಅಲ್ಲೇ ಮಾಡಿದೆವು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಎರಡು ಮೀಟರ್ ಆಳ. ಮೇಲಿನ ಅರ್ಧ ಮೀಟರ್ ಮಣ್ಣು ಮುಚ್ಚಲು ಬಿಡಬೇಕು, ಉಳಿದದ್ದು 1.5 ಘನ ಮೀಟರ್. ಒಬ್ಬರಿಗೆ ವರ್ಷಕ್ಕೆ 0.06 ಘನ ಮೀಟರ್ ಹಿಡಿದು, ಶಿಬಿರದಲ್ಲಿ ಕೊಳೆಯಲು ಪುರುಸೊತ್ತು ಇರೋದಿಲ್ಲ ಅಂತ ಒಂದೂವರೆ ಪಟ್ಟು ಮಾಡಿದರೆ, 20 ಜನ ಬಳಸುವ ಗುಂಡಿ ಹತ್ತು ತಿಂಗಳು ಬರುತ್ತೆ. 50 ಜನ ಬಳಸಿದರೆ ನಾಲ್ಕು ತಿಂಗಳು. ನೂರು ಜನ ಬಳಸಿದರೆ ಎರಡೇ ತಿಂಗಳು. ನೀರೂ ಕಸವೂ ಬಿದ್ದರೆ ಇನ್ನೂ ಬೇಗ. 2017ರಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಬಂದಾಗ ಅವಸರದಲ್ಲಿ ಸಾವಿರಾರು ಶೌಚಾಲಯ ಎದ್ದವು. ಬಹಳಷ್ಟರ ಗುಂಡಿ ಆಳ ಇರಲಿಲ್ಲ, ಕೆಲವು ಕೈಪಂಪಿನ ಪಕ್ಕದಲ್ಲೇ ಇದ್ದವು. ಬೇಗನೆ ತುಂಬಿದವು, ಎಷ್ಟನ್ನೋ ಮುಚ್ಚಿ ಬೇರೆ ಕಟ್ಟಬೇಕಾಯಿತು. ಕಟ್ಟಿದ ಸಂಖ್ಯೆ ಮಾತ್ರ ವರದಿಯಲ್ಲಿ ದೊಡ್ಡದಾಗಿಯೇ ಉಳಿಯಿತು.

ರಾತ್ರಿಯ ಅಭ್ಯಾಸ

ಇದನ್ನು ಬೇರೆಯಾಗಿಯೇ ಬರೆಯಬೇಕು. ಗುಡಾರದಿಂದ ಶೌಚಾಲಯಕ್ಕೆ 50 ಮೀಟರಿಗಿಂತ ದೂರ ಇರಬಾರದು. ಹಗಲಿನಲ್ಲಿ ಹಗ್ಗ ಎಳೆದು ನೋಡಿ "ಇಷ್ಟೇನಾ" ಎಂದಿದ್ದರು. ರಾತ್ರಿ ಎಂಟಕ್ಕೆ ಎಲ್ಲ ಲೈಟು ಆರಿಸಿದೆ. ಒಂದು ಕೈಯಲ್ಲಿ ಅರ್ಧ ಬಕೆಟ್ ನೀರು, ಇನ್ನೊಂದು ಕೈಯಲ್ಲಿ ಮಗುವಿನ ತೂಕದ ಮರಳು ಚೀಲ. ಅದೇ ಹಗ್ಗದ ದಾರಿಯಲ್ಲಿ ಹೋಗಿ ಬನ್ನಿ ಎಂದೆ. ಬಟ್ಟೆ ಕಟ್ಟಿ ಒಂದು ಮಾದರಿ ಶೌಚಾಲಯ ಮಾಡಿದ್ದೆ. ಬೇಕಂತಲೇ ಚಿಲಕ ಹೊರಗೆ ಹಾಕಿದ್ದೆ.

ಹಗಲಿನಲ್ಲಿ ಒಂದು ನಿಮಿಷದ ದಾರಿಗೆ ಕಂದಾಯದ ಹಿರಿಯ ಅಧಿಕಾರಿ ಆರು ನಿಮಿಷ ತೆಗೆದುಕೊಂಡರು. ಬಕೆಟ್ಟಿನಲ್ಲಿ ನೀರು ಉಳಿದಿರಲಿಲ್ಲ. ಅವರ ಹಿಂದೆ ಹೋದ ಮೇಡಂ ಅರ್ಧ ದಾರಿಯಿಂದಲೇ ವಾಪಸ್ ಬಂದರು. "ನಾನು ಹೋಗಲ್ಲ. ಗುಡಾರದ ಹಿಂದೆಯೇ ಮುಗಿಸ್ತೀನಿ," ಎಂದರು. ತಮಾಷೆಗೆ ಹೇಳಿದ್ದಲ್ಲ. ಯಾರೂ ನಗಲಿಲ್ಲ. ಹೆಂಗಸರಿಗೆ ಮೂರು, ಗಂಡಸರಿಗೆ ಒಂದು ಎಂಬ ಅನುಪಾತ, ಒಳಗಿನ ಚಿಲಕ, ದಾರಿಯ ದೀಪ, ಮುಟ್ಟಿನ ಬಟ್ಟೆ ಹಾಕಲು ಡಬ್ಬಿ, ಇವನ್ನೆಲ್ಲ ಮರುದಿನ ಅವರೇ ಪಟ್ಟಿ ಮಾಡಿದರು. ನಾನು ಸುಮ್ನೆ ಕೂತಿದ್ದೆ.

ಮೂರನೇ ದಿನದ ಶಿಬಿರ ಆಡಳಿತದ ಪಾಠ ಸಪ್ಪೆಯಾಯಿತು, ತಪ್ಪು ನನ್ನದು. ಸರ್ಕಾರದ ಆಡಳಿತ, ಸಂಸ್ಥೆಗಳ ಸಮನ್ವಯ, ಶಿಬಿರದ ದಿನನಿತ್ಯದ ನಿರ್ವಹಣೆ ಎಂಬ ಮೂರು ಪಾತ್ರ ವಿವರಿಸುವಷ್ಟರಲ್ಲಿ ಅರ್ಧ ಜನ ಫೋನ್ ನೋಡುತ್ತಿದ್ದರು. ಗಡಿ ದಾಟಿದ ನಿರಾಶ್ರಿತರಾದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ಮುಂದಾಳು, ದೇಶದೊಳಗೇ ಸಂಘರ್ಷದಿಂದ ಮನೆ ಬಿಟ್ಟವರ ಶಿಬಿರಗಳ ಕ್ಲಸ್ಟರಿಗೂ (ನೆರವಿನ ಸಂಸ್ಥೆಗಳ ಸಮನ್ವಯ ಗುಂಪಿಗೂ) ಅವರೇ, ಪ್ರಕೃತಿ ವಿಕೋಪವಾದರೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆಯಾದ ಐಒಎಂ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಸಾಕಿತ್ತು.

ವಾರ 9: ಎರಡನೇ ತಂಡ

ಆಡಳಿತದ ಪಾಠವನ್ನು ನಾಟಕ ಮಾಡಿದೆ. ಇಬ್ಬರು "ಶಿಬಿರದ ಮುಖಂಡರು". ಸೋಪು ಹಂಚುವ ಕೆಲಸ ಅವರದ್ದು. ತಿಂಗಳಿಗೆ ತಲೆಗೆ 250 ಗ್ರಾಂ ಸ್ನಾನದ ಸೋಪಿನ ಲೆಕ್ಕದಲ್ಲಿ ಅವರ ಕೈಗೆ ಕೊಟ್ಟೆ, ಮೂರನೇ ಒಂದು ಭಾಗ ಬಚ್ಚಿಡಿ ಎಂದು ಕಿವಿಯಲ್ಲಿ ಹೇಳಿದ್ದೆ. ಉಳಿದವರಿಗೆ ಅದು ಗೊತ್ತಾಗಲು ನಲವತ್ತು ನಿಮಿಷ ಬೇಕಾಯಿತು. ಗೋಮಾದಲ್ಲಿ ಹೀಗೇ ಆಗಿತ್ತು, ಹಳೇ ಅಧಿಕಾರಸ್ಥರೂ ಶಸ್ತ್ರಧಾರಿಗಳೂ ಪಡಿತರದ ಹಂಚಿಕೆಯನ್ನು ಹಿಡಿತಕ್ಕೆ ತಗೊಂಡಿದ್ದರು. ಹೆಂಗಸರೂ ಇರುವ ಸಮಿತಿ, ಎಲ್ಲರಿಗೂ ಕಾಣುವಂತೆ ಪಾಲಿನ ಬೋರ್ಡು, ಮುಖಂಡರನ್ನು ದಾಟಿ ಬರುವ ದೂರಿನ ದಾರಿ, ಈ ಮೂರನ್ನು ತಂಡವೇ ಸೂಚಿಸಿತು.

ಈ ತಂಡದಲ್ಲಿ ಆ ಹನ್ನೆರಡು ಸ್ಲ್ಯಾಬಿನ ಆರೋಗ್ಯ ನಿರೀಕ್ಷಕಿ ಇದ್ದರು. ಕೊನೆಯ ಅಭ್ಯಾಸ ಅವರ ಪ್ರಶ್ನೆಯೇ. ಐದು ಸಾವಿರ ಜನ, ಹನ್ನೆರಡು ಸ್ಲ್ಯಾಬ್, ಸಂಜೆಯೊಳಗೆ ತೀರ್ಮಾನ.

ಅವರ ಗುಂಪು ಮೊದಲು ಹೊಳೆಗೂ ಬಾವಿಗೂ ಹಗ್ಗ ಕಟ್ಟಿ ಕಾವಲು ಹಾಕಿತು. ಇಳಿಜಾರಿನ ಕೆಳಗೆ, ನೀರಿನಿಂದ ದೂರ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಜಾಗ ಗುರುತಿಸಿ ಬಟ್ಟೆಯ ಮರೆ ಕಟ್ಟಿತು. ಒಳಗೆ ಒಂದಡಿ ಅಗಲ, ಅರ್ಧ ಅಡಿ ಆಳದ ಕಾಲುವೆಗಳು, ಪಕ್ಕದಲ್ಲಿ ಮುಚ್ಚಲು ಮಣ್ಣು ಮತ್ತು ಸಲಿಕೆ. ಹನ್ನೆರಡು ಸ್ಲ್ಯಾಬಿನಲ್ಲಿ ನಾಲ್ಕು ಚಿಕಿತ್ಸಾ ಕೇಂದ್ರಕ್ಕೆ, ಉಳಿದ ಎಂಟು ನಡೆಯಲಾರದವರಿಗೆ ಮತ್ತು ಗರ್ಭಿಣಿಯರಿಗೆ. ನಾನಾಗಿದ್ದರೆ ಚಿಕಿತ್ಸಾ ಕೇಂದ್ರಕ್ಕೆ ಇನ್ನೂ ಎರಡು ಕೊಡುತ್ತಿದ್ದೆ. ವಾದ ಮಾಡಿದೆ, ಅವರು ಒಪ್ಪಲಿಲ್ಲ.

ಆಮೇಲೆ ಅವರು ನನ್ನ ಗುಂಡಿ ಡಬ್ಬಿಯನ್ನು ಕೆದಕಿದರು. "ಜನರ ಗುಂಡಿ ಬಿಳಿ. ಸ್ಲ್ಯಾಬಿನದು ಕಪ್ಪು. ಸಿಬ್ಬಂದಿಯದು ನೀಲಿ," ಎಂದು ಎಣಿಸಿದರು. "ತೊಳೆಯೋರ ಗುಂಡಿ ಯಾವುದು ಸರ್?"

ಇರಲಿಲ್ಲ. ಒಂಬತ್ತು ವಾರದಲ್ಲಿ ನನಗೆ ಹೊಳೆದೇ ಇರಲಿಲ್ಲ. ಬೆಳಗ್ಗೆ ಯಾರು ತೊಳೆಯುತ್ತಾರೆ, ಎಷ್ಟು ಜನ, ಕೂಲಿ ಯಾರು ಕೊಡುತ್ತಾರೆ, ಗಂಬೂಟು ಗ್ಲೌಸು ಎಲ್ಲಿಂದ ಬರುತ್ತೆ, ನಕ್ಷೆಯಲ್ಲಿ ಏನೂ ಇಲ್ಲ.

ನಿನ್ನೆ ನಲವತ್ತು ಕೆಂಪು ಗುಂಡಿ ತಂದಿದ್ದೇನೆ. ಜೊತೆಗೆ ಹೊಸ ನಿಯಮ: ಪಕ್ಕದಲ್ಲಿ ಕೆಂಪು ಗುಂಡಿ ಇಲ್ಲದ ಶೌಚಾಲಯವನ್ನು ಎರಡನೇ ದಿನ ಬೆಳಗ್ಗೆ ನಕ್ಷೆಯಿಂದ ನಾನು ಎತ್ತಿಬಿಡುತ್ತೇನೆ. ಮೂರನೇ ತಂಡ ಮುಂದಿನ ತಿಂಗಳು. ಅಷ್ಟರಲ್ಲಿ ಕ್ಲೋರಿನ್ ಪುಡಿಗೆ ಬಿಗಿ ಮುಚ್ಚಳದ ಡಬ್ಬಿ ಹುಡುಕಬೇಕು. ಸತ್ತ ಪುಡಿಯನ್ನೂ ಹುಷಾರಾಗಿ ಇಟ್ಟಿದ್ದೇನೆ, ಮೂರನೇ ಬಕೆಟ್ಟಿಗೆ ಬೇಕಲ್ಲ.