ಕನ್ನಡಿಯಲ್ಲಿದ್ದ ಹಳದಿ ದೀಪ

ಶೂ ಇನ್ನೂ ಒಣಗಿಲ್ಲ. ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಟ್ಟು ಮೂರು ದಿನ ಆಯಿತು. ಕೈ ಹಾಕಿದರೆ ಈಗಲೂ ತಣ್ಣಗೆ. ಹಾಲ್ ತುಂಬ ಒಂಥರಾ ವಾಸನೆ. "ಇನ್ನೊಂದ್ಸಲ ಮಳೇಲಿ ಹೋಗ್ತೀನಿ ಅನ್ನಿ, ಆಗ ಹೇಳ್ತೀನಿ" ಅಂತ ಹೆಂಡತಿ ದಿನಕ್ಕೆ ಎರಡು ಸಲ ಹೇಳುತ್ತಿದ್ದಾಳೆ. ಅದು ಕಿವಿಗೆ ಬೀಳುತ್ತೆ, ಆದರೆ ತಲೆಯೊಳಗೆ ಸುತ್ತುತ್ತಿರುವುದು ಬೇರೆ ಮಾತು.

"ಬರ್ತೀಯ ಅಂತ ಗೊತ್ತಿತ್ತು. ಯಾವಾಗ ಅಂತ ಗೊತ್ತಿರಲಿಲ್ಲ, ಅಷ್ಟೆ."

ಹೇಳಿದ್ದು ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾನೆ. ಹೆಸರನ್ನು ಬಹುವಚನದಲ್ಲಿ ಕರೆದು ಬೈಗುಳವನ್ನು ಏಕವಚನದಲ್ಲಿ ಬೈಯುವುದು ನಮ್ಮ ಗುಂಪಿನ ಪದ್ಧತಿ. ಇಪ್ಪತ್ತು ವರ್ಷದ ಸ್ನೇಹ. ಜಾಸ್ತಿ ಮಾತಿನವನಲ್ಲ. ಶನಿವಾರ ಬೆಳಿಗ್ಗೆ ಐದಕ್ಕೆ ಬೆಂಗಳೂರಿನಿಂದ ಹೊರಟು, ತುಮಕೂರು, ಅರಸೀಕೆರೆ, ಶಿವಮೊಗ್ಗದ ಮೇಲೆ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ ಘಾಟಿ ಇಳಿದು ಉಡುಪಿ ಸೇರುವುದು ಅಂತ ಮಾತಾಗಿತ್ತು. ಇಬ್ಬರದೂ ಒಂದೊಂದು ಬೈಕು. ಜುಲೈ ತಿಂಗಳಲ್ಲಿ ಆ ಕಡೆ ಯಾರು ಹೋಗ್ತಾರೆ ಅಂತ ಕೇಳಿದವರಿಗೆಲ್ಲ, ಮಳೆ ನೋಡೋಕೇ ಹೋಗೋದು ಅಂತ ದೊಡ್ಡದಾಗಿ ಹೇಳಿದ್ದೆ.

ನಿಯಮ ಮಾಡಿದ್ದೂ ನಾನೇ. ಮುಂದೆ ನಾನು, ಹಿಂದೆ ಅವನು. ಮುಂದಿನವನು ಆಗಾಗ ಕನ್ನಡಿಯಲ್ಲಿ ಹಿಂದಿನವನ ದೀಪ ನೋಡಬೇಕು. ಕಾಣದಿದ್ದರೆ ನಿಲ್ಲಬೇಕು. ಹಿಂದಿನವನು ಯಾವ ಕಾರಣಕ್ಕೇ ನಿಂತರೂ ನಿಂತ ಜಾಗ ಬಿಟ್ಟು ಕದಲಬಾರದು. ಇಲ್ಲದಿದ್ದರೆ ಒಬ್ಬರನ್ನೊಬ್ಬರು ಹುಡುಕುತ್ತಾ ರಸ್ತೆಯ ಉದ್ದಕ್ಕೂ ಓಡಾಡುವುದೇ ಆಗುತ್ತೆ, ಅಲ್ವಾ? ಮೇಷ್ಟ್ರು ಪಾಠ ಕೇಳುವ ಹುಡುಗನ ಹಾಗೆ ತಲೆ ಆಡಿಸಿದ. ಬ್ಯಾಗಿನ ಪಕ್ಕದಲ್ಲಿ ಒಂದು ಕಪ್ಪು ಮಡಚುವ ಕೊಡೆ ಸಿಕ್ಕಿಸಿಕೊಂಡಿದ್ದ. ಬೈಕಿನಲ್ಲಿ ಹೋಗುವವನು ಕೊಡೆ ತರ್ತಾನಾ ಅಂತ ತುಮಕೂರು ದಾಟುವವರೆಗೂ ನಗುತ್ತಲೇ ಇದ್ದೆ.

ಶಿವಮೊಗ್ಗದವರೆಗೆ ಹೇಳುವಂಥದ್ದೇನೂ ಇಲ್ಲ. ಸುಮಾರು ಮುನ್ನೂರು ಕಿಲೋಮೀಟರ್. ಬಿಟ್ಟು ಬಿಟ್ಟು ಜಿಟಿಜಿಟಿ ಮಳೆ. ದಾರಿಯಲ್ಲಿ ಒಂದು ದೊಡ್ಡ ಗುಂಪು ಸಿಕ್ಕಿತು. ಹದಿನೈದು ಬೈಕು, ಎಲ್ಲರಿಗೂ ಒಂದೇ ಥರದ ಜಾಕೆಟ್ಟು, ಹೆಲ್ಮೆಟ್ ಮೇಲೆ ಕ್ಯಾಮೆರಾ. ನಮ್ಮ ಮೇಷ್ಟ್ರ ಹಳೇ ಗಾಡಿ ನೋಡಿ ಒಬ್ಬ ಹೆಬ್ಬೆರಳು ಎತ್ತಿ ತೋರಿಸಿದ. ಮೆಚ್ಚುಗೆಯೋ ಕನಿಕರವೋ ಗೊತ್ತಾಗಲಿಲ್ಲ. ಇಂಥವರನ್ನು ಕಂಡರೆ ನನಗೆ ಸ್ವಲ್ಪ ಉರಿ. ಆದರೆ ಈಗ ಯೋಚಿಸಿದರೆ, ಅವರಲ್ಲಿ ಕೊನೆಯವನೊಬ್ಬ ಬರೀ ಹಿಂದೆ ಉಳಿದವರನ್ನು ನೋಡಿಕೊಳ್ಳುವುದಕ್ಕೇ ಇದ್ದ. ಆ ಬುದ್ಧಿ ನಮಗಿರಲಿಲ್ಲ. ಇಬ್ಬರೇ ಇದ್ದಾಗ ಅದಕ್ಕೆ ಅವಕಾಶವೂ ಇಲ್ಲ ಬಿಡಿ.

ಗಾಜನೂರು ದಾಟಿದ ಮೇಲೆ ನಿಜವಾದ ಮಳೆ ಶುರುವಾಯಿತು. ಪುನರ್ವಸು ಮಳೆ. ಹನಿ ಹನಿಯಾಗಿ ಬೀಳುವ ಮಳೆಯಲ್ಲ, ಯಾರೋ ಮೇಲಿನಿಂದ ಕೊಡ ಬಗ್ಗಿಸಿ ಮರೆತುಬಿಟ್ಟ ಹಾಗೆ. ಎಡಬಲ ಕಾಡು, ಮರಗಳ ಸಂದಿನಲ್ಲಿ ಆಗಾಗ ಕೆಂಪಗೆ ತುಂಬಿ ಹರಿಯುವ ತುಂಗೆ. ಮಂಡಗದ್ದೆಯಲ್ಲಿ ಐದು ನಿಮಿಷ ನಿಂತೆವು. ಹೊಳೆ ಮಧ್ಯದ ಮರಗಳಲ್ಲಿ ಬೆಳ್ಳಕ್ಕಿಗಳು ಪ್ರತಿ ಮಳೆಗಾಲಕ್ಕೂ ಬಂದು ಗೂಡು ಕಟ್ಟುವ ಜಾಗ ಅದು. ಮರದ ಬುಡ ಕಾಣುತ್ತಿರಲಿಲ್ಲ, ಹೊಳೆಯೊಳಗೆ ಹೋಗಿತ್ತು. ಮೇಲೆ ಕೊಂಬೆಗಳಲ್ಲಿ ಬಿಳಿ ಬಟ್ಟೆ ಒಣಗಿಹಾಕಿದ ಹಾಗೆ ಹಕ್ಕಿಗಳು. ಮೇಷ್ಟ್ರು ಏನೋ ಹೇಳಿದ. ಹೆಲ್ಮೆಟ್ ಒಳಗೆ ನನಗೆ ಕೇಳಲಿಲ್ಲ. "ಹೂಂ" ಅಂದೆ. ಹೊರಟೆವು.

ಬಿಟ್ಟುಹೋಗಿದ್ದು ಆಮೇಲೆ.

ನಾನು ಕನ್ನಡಿ ನೋಡಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ನೋಡಿದೆ. ತಿರುವಿಗೊಂದು ಸಲ ನೋಡಿದೆ. ಎಡಗೈ ಗ್ಲೌಸಿನಲ್ಲಿ ಹೆಲ್ಮೆಟ್ಟಿನ ಗಾಜು ಒರೆಸುವುದು, ಹಾಗೇ ಕನ್ನಡಿ ಒರೆಸುವುದು. ಒರೆಸಿದ ಮರುಕ್ಷಣ ಕನ್ನಡಿ ತುಂಬ ಮತ್ತೆ ಹನಿ. ಹಿಂದಿನ ಗಾಡಿಯ ದೀಪ ಒಂದೊಂದು ಹನಿಯೊಳಗೂ ಒಂದೊಂದು ಸಾಸಿವೆಕಾಳಿನಷ್ಟು ಹೊಳೆಯುತ್ತಿತ್ತು. ಹಳದಿ ದೀಪ. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕು ಸ್ಕೂಟರುಗಳಿಗೆಲ್ಲ ಎಂಜಿನ್ ಓಡುವಷ್ಟು ಹೊತ್ತೂ ಮುಂದಿನ ದೀಪ ಉರಿಯಲೇಬೇಕು. ಹಾಗಾಗಿ ಕನ್ನಡಿಯಲ್ಲಿ ಹಗಲೆಲ್ಲ ದೀಪಗಳೇ. ಆದರೆ ಈಗಿನ ಬಹಳಷ್ಟು ಗಾಡಿಗಳದು ಬಿಳಿ ಎಲ್‌ಇಡಿ. ಮೇಷ್ಟ್ರದು 2012ರ ಗಾಡಿ, ಹಳೇ ಬಲ್ಬು. "ನಿನ್ನ ದೀಪ ಸಾವಿರ ದೀಪದಲ್ಲೂ ಗುರುತು ಸಿಗುತ್ತೆ ಬಿಡು" ಅಂತ ಬೆಳಿಗ್ಗೆ ನಾನೇ ಹೇಳಿದ್ದೆ.

ಸಿಕ್ಕಿತು ಗುರುತು. ಹಳದಿ ದೀಪ ಇತ್ತು, ನಾನು ನಿಧಾನ ಮಾಡಿದಾಗ ನಿಧಾನ ಮಾಡುತ್ತಿತ್ತು, ಸ್ವಲ್ಪ ಜೋರಾದರೆ ಜೋರಾಗುತ್ತಿತ್ತು. ಎಷ್ಟು ಚೆನ್ನಾಗಿ ಹಿಂದೆ ಬರ್ತಿದ್ದಾನೆ ಅಂತ ಮೆಚ್ಚಿಕೊಂಡೂ ಇದ್ದೆ. ತೀರ್ಥಹಳ್ಳಿ ಕಡೆ ಒಂದು ಬಸ್ ಸ್ಟಾಪಿನ ಮಾಡು ಕಂಡಿತು. ಪಕ್ಕಕ್ಕೆ ಹಾಕಿ, ಹೆಲ್ಮೆಟ್ ತೆಗೆದು, "ಸಾಕಪ್ಪ, ಒಂಚೂರು ನಿಲ್ಲೋಣ" ಅಂತ ತಿರುಗಿದೆ.

ಹಳದಿ ದೀಪ ಬಂದು ನಿಂತಿತು. ಒಂದು ಹಳೇ ಸ್ಕೂಟರ್. ಅದರ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡ ಐವತ್ತು ಅರವತ್ತರ ಗಂಡಸು.

"ಎಂತ ಆಯ್ತು ಮಾರಾಯ್ರೆ, ಗಾಡಿ ಕೆಟ್ಟಿತಾ?" ಅಂದರು.

ನನಗೆ ಬಾಯಿ ಬರಲಿಲ್ಲ. ಅವರೇ ಮುಂದುವರಿಸಿದರು. "ನಿಮ್ಮಿಂದ ಉಪಕಾರ ಆಯ್ತು. ನನ್ನ ಲೈಟಿಗೆ ರಸ್ತೆನೇ ಕಾಣ್ತಿರಲಿಲ್ಲ. ನಿಮ್ಮ ಹಿಂದಿನ ಕೆಂಪು ಲೈಟು ನೋಡ್ಕೊಂಡೇ ಬಂದೆ." ಆಮೇಲೆ ನೆನಪಾದವರ ಹಾಗೆ, "ಹಿಂದೆ ಹಲಸಿನ ಮರದ ಹತ್ರ ಒಬ್ರು ಗಾಡಿ ನಿಲ್ಲಿಸ್ಕೊಂಡು ನಿಂತಿದ್ರು. ಅವರು ನಿಮ್ಮೋರಾ?"

ನಿಮ್ಮೋರಾ. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಕಂಡೂ ನಿಲ್ಲಿಸದೆ ಬಂದರಲ್ಲ ಈ ಮನುಷ್ಯ ಅಂತ ಒಂದು ಕ್ಷಣ ಸಿಟ್ಟು ಬಂದಿದ್ದು ಮಾತ್ರ ನೆನಪಿದೆ. ಯಾರಿಗೆ ಯಾರ ಮೇಲೆ ಸಿಟ್ಟು ನೋಡಿ.

ಫೋನ್ ಮಾಡಿದೆ, ಹೋಗಲಿಲ್ಲ. ಸಿಗ್ನಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಂಡು ಗಾಡಿ ತಿರುಗಿಸಿದೆ. ಬರುವಾಗ ಇಷ್ಟವಾಗಿದ್ದ ಅದೇ ರಸ್ತೆ ಈಗ ಬೇರೆ ಥರ. ಬೇಗ ಹೋಗಬೇಕು, ಬೇಗ ಹೋದರೆ ನಾನೂ ಬೀಳುತ್ತೇನೆ. ಒದ್ದೆ ಎಲೆ ಬಿದ್ದ ಕಡೆ, ಬಿಳಿ ಬಣ್ಣದ ಪಟ್ಟೆ ಇರುವ ಕಡೆ ಚಕ್ರ ಜಾರುತ್ತೆ ಅಂತ ಗೊತ್ತು, ಆದರೂ ಕೈ ಆಕ್ಸಿಲರೇಟರ್ ತಿರುಗಿಸುತ್ತಲೇ ಇತ್ತು. ಪ್ರತಿ ತಿರುವಿನಲ್ಲೂ ಏನೋ ಒಂದು ಕಾಣಿಸುತ್ತೆ ಅಂತ ಎದೆ ಹಿಡಿದುಕೊಳ್ಳುವುದು, ಬರೀ ರಸ್ತೆ ಕಾಣುವುದು. ಗಾಡಿ ಕೆಟ್ಟು ನಿಂತಿರಬಹುದು ಅಂತ ಗೊತ್ತಿದ್ದರೂ ಮನಸ್ಸು ಹೊಳೆಯ ಕಡೆಗೇ ಹೋಗುತ್ತಿತ್ತು.

11.4 ಕಿಲೋಮೀಟರ್. ಅಷ್ಟು ದೂರ ಯಾರದೋ ದೀಪವನ್ನು ನನ್ನ ಗೆಳೆಯ ಅಂದುಕೊಂಡು ಬಂದಿದ್ದೆ.

ಹಲಸಿನ ಮರದ ಕೆಳಗೆ ನಿಂತಿದ್ದ. ಮೈಮೇಲೆ ರೇನ್‌ಕೋಟು, ತಲೆಯಲ್ಲಿ ಹೆಲ್ಮೆಟ್ಟು, ಅದರ ಮೇಲೆ ಬಿಚ್ಚಿ ಹಿಡಿದ ಕೊಡೆ. ಕೊಡೆಯ ಒಂದು ಕಡ್ಡಿ ಮುರಿದು ಆ ಮೂಲೆಯಿಂದ ನೀರು ಧಾರೆಯಾಗಿ ಅವನ ಬಲಭುಜದ ಮೇಲೇ ಬೀಳುತ್ತಿತ್ತು. ಅವನು ಭುಜ ಸರಿಸಿಕೊಂಡಿರಲಿಲ್ಲ. ಗಾಡಿಯ ಎಡಗಡೆ ಇಂಡಿಕೇಟರ್ ಮಿನುಗುತ್ತಿತ್ತು. ಇನ್ನೊಂದು ದಿನ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ಏನಾಯ್ತೋ?"

"ಪ್ಲಗ್ ಕ್ಯಾಪಿಗೆ ನೀರು ಹೋಗಿತ್ತು. ಮಿಸ್ ಹೊಡೆದು ಹೊಡೆದು ನಿಂತ್ಕೊಂಡ್ತು. ಕ್ಯಾಪ್ ಕಿತ್ತು ಒರೆಸಿ ಹಾಕಿದೆ. ಹತ್ತು ನಿಮಿಷಕ್ಕೆ ಸರಿಹೋಯ್ತು."

"ಸರಿಹೋದ ಮೇಲೆ ಬರೋದಲ್ವಾ?"

"ನೀನೇ ಹೇಳಿದ್ದಲ್ಲ. ಹಿಂದಿನವನು ನಿಂತಲ್ಲಿಂದ ಕದಲಬಾರದು ಅಂತ."

ಮಳೆಯ ಸದ್ದು ಬಿಟ್ಟರೆ ಏನಿಲ್ಲ. ಎಷ್ಟು ಹೊತ್ತಾಯ್ತು ಅಂತ ಕೇಳಿದೆ. ನಲವತ್ತು ನಿಮಿಷ ಅಂದ. ಕೊಡೆ ಮಡಚಿ, ನೀರು ಕೊಡವಿ, ಬ್ಯಾಗಿಗೆ ಸಿಕ್ಕಿಸುತ್ತಾ, ನನ್ನ ಮುಖ ನೋಡದೆ ಹೇಳಿದ. "ಬರ್ತೀಯ ಅಂತ ಗೊತ್ತಿತ್ತು. ಯಾವಾಗ ಅಂತ ಗೊತ್ತಿರಲಿಲ್ಲ, ಅಷ್ಟೆ."

ಅಲ್ಲಿ ನಿಂತಾಗ ಎಷ್ಟು ಒಳ್ಳೆಯವನು ಇವನು ಅನ್ನಿಸಿತು. ರಾತ್ರಿ ಉಡುಪಿಯ ರೂಮಿನಲ್ಲಿ ಮಲಗಿದಾಗ, ಚುಚ್ಚಿದನಾ ಅನ್ನಿಸಿತು. ಭಾನುವಾರ ವಾಪಸ್ ಬರುವಾಗ ಪೂರ್ತಿ ದಾರಿ ಅದೇ. ಬರ್ತೀಯ ಅಂತ ಗೊತ್ತಿತ್ತು, ಇದನ್ನು ಹಿಡಿದುಕೊಂಡರೆ ಸಮಾಧಾನ. ಯಾವಾಗ ಅಂತ ಗೊತ್ತಿರಲಿಲ್ಲ, ಇದನ್ನು ಹಿಡಿದುಕೊಂಡರೆ ಮುಗಿಯಿತು. ಅವನಿಗೆ ಎರಡೂ ಇರಲಿಲ್ಲವೇನೋ. ಲೆಕ್ಕದ ಮೇಷ್ಟ್ರು. ಗೊತ್ತಿರುವುದನ್ನು ಒಂದು ಸಾಲಿನಲ್ಲಿ, ಗೊತ್ತಿಲ್ಲದ್ದನ್ನು ಇನ್ನೊಂದು ಸಾಲಿನಲ್ಲಿ ಬರೆದ, ಅಷ್ಟೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾನೂ ನಾಲ್ಕು ಮಾತು ಆಡಿ, ಮಳೆಯ ಮೇಲೆ, ರಸ್ತೆಯ ಮೇಲೆ, ಅವನ ಹಳೇ ಗಾಡಿಯ ಮೇಲೆ ತಪ್ಪು ಹಾಕಿ ಅಲ್ಲಿಗೇ ಮುಗಿಸಬಹುದಿತ್ತು. ಬೈಯದವರ ಜೊತೆ ಬದುಕುವುದು ಕಷ್ಟ.

ಇನ್ನೊಂದು ವಿಷಯ ಇದೆ. ಎರಡು ವರ್ಷದ ಹಿಂದೆ ಅವನ ಅಪ್ಪ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ನಾನು ಹೋಗಿದ್ದು ಹನ್ನೆರಡನೇ ದಿನ. ಗೊತ್ತಿರಲಿಲ್ಲ ಅಂತಲ್ಲ, ಅಡ್ಮಿಟ್ ಮಾಡಿದ ದಿನವೇ ಹೇಳಿದ್ದ. ಆದರೆ ದಿನಾ ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದೊಂದು ಗಣಿತದ ಒಗಟು ಹಾಕುತ್ತಿದ್ದ, ನಾನು ದಿನಾ ನೋಡುತ್ತಿದ್ದೆ. ಒಗಟು ಹಾಕುವವನಿಗೆ ಏನು ತೊಂದರೆ, ಎಲ್ಲ ಸರಿ ಇರುತ್ತೆ ಅಂದುಕೊಂಡೆ. ಒಂದಕ್ಕೆ ಉತ್ತರವನ್ನೂ ಕಳಿಸಿದ್ದೆ, ತಪ್ಪು ಉತ್ತರ. ಆಮೇಲೆ ಗೊತ್ತಾಯಿತು, ಅವೆಲ್ಲ ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ನಿದ್ದೆ ಬಾರದೆ ಕೂತು ಮಾಡಿದ್ದು. ಹನ್ನೆರಡನೇ ದಿನ ನಾನು ಹೋದಾಗ, "ಬಂದ್ಯಾ, ಕೂತ್ಕೋ" ಅಂದ. ಕುರ್ಚಿ ಮೇಲಿದ್ದ ಬ್ಯಾಗು ತೆಗೆದು ಜಾಗ ಮಾಡಿಕೊಟ್ಟ. ಅವತ್ತೂ ಇದೇ ದನಿ.

ನಾವೀಗ ದಿನಾ ಒಬ್ಬರನ್ನೊಬ್ಬರು ನೋಡುತ್ತಲೇ ಇರುತ್ತೇವೆ. ಸ್ಟೇಟಸ್ಸು, ಹುಟ್ಟುಹಬ್ಬದ ಕೇಕು, ಗುಂಪಿನಲ್ಲಿ ಬಂದು ಬೀಳುವ ಜೋಕುಗಳು. ಇದ್ದಾನೆ, ಬರ್ತಿದ್ದಾನೆ ಅನ್ನಿಸುತ್ತೆ. ನನ್ನ ತಂಗಿ, ನನ್ನ ಹಳೇ ರೂಮ್‌ಮೇಟು, ಊರಲ್ಲಿರುವ ದೊಡ್ಡಪ್ಪ. ಇವರಲ್ಲಿ ಯಾರ ದೀಪ ನಿಜವಾಗಿ ಯಾರದು ಅಂತ ಸೋಮವಾರ ರಾತ್ರಿ ಲೆಕ್ಕ ಹಾಕುತ್ತಾ ಕೂತೆ. ನಿದ್ದೆ ಬರಲಿಲ್ಲ.

ಅವತ್ತಿನ ದಾರಿ ಅಲ್ಲಿಗೇ ನಿಲ್ಲಲಿಲ್ಲ. ತೀರ್ಥಹಳ್ಳಿಯಿಂದ ಮುಂದೆ ಮೇಷ್ಟ್ರನ್ನು ಮುಂದೆ ಬಿಟ್ಟೆ. ಹಿಂದೆ ಬರುವುದು ಅಂದರೆ ಏನು ಅಂತ ಆಗ ಗೊತ್ತಾಯಿತು. ಮುಂದಿನ ಗಾಡಿಯ ಹಿಂಚಕ್ರ ಎರಚುವ ಕೆಸರು ನೀರೆಲ್ಲ ನಮ್ಮ ಮುಖಕ್ಕೆ. ಬೆಳಿಗ್ಗೆಯಿಂದ ಇದನ್ನೇ ಕುಡಿಯುತ್ತಾ ಬಂದಿದ್ದಾನೆ, ಒಂದು ಮಾತು ಹೇಳಿಲ್ಲ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗ ಎಲ್ಲಿದೆ ಅಂತಲೂ ಕಾಣಲಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರಿನಲ್ಲಿ ಜುಲೈಯಲ್ಲಿ ಸೂರ್ಯನನ್ನು ಕೇಳುವುದೇ ತಪ್ಪು. ಬೆಂಗಳೂರಿಗೆ ಬೀಳುವುದರ ಏಳು ಪಟ್ಟು. ಅಲ್ಲಿಂದ ಸೋಮೇಶ್ವರದ ಕಡೆ ಇಳಿಯುವ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಕೆಳಗಿನಿಂದ ಬಸ್ ಬಂದರೆ ತಿರುವು ಪೂರ್ತಿ ಅದಕ್ಕೇ ಬೇಕು, ನಾವು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಎರಡನೇ ಗೇರಿನಲ್ಲಿ, ಎಂಜಿನ್ ಹಿಡಿತದಲ್ಲೇ ಇಳಿದೆವು. ಮಂಜಿನಲ್ಲಿ ಅವನು ತಿರುವಿನ ಆಚೆ ಮಾಯವಾಗುತ್ತಿದ್ದ. ನಾನು ತಿರುವು ಮುಗಿಸಿದರೆ ಸ್ವಲ್ಪ ಮುಂದೆ ನಿಧಾನ ಮಾಡಿಕೊಂಡು ಇರುತ್ತಿದ್ದ. ನನ್ನ ದೀಪ ಕಂಡ ಮೇಲೆ ಎರಡು ಸಲ ಬ್ರೇಕ್ ದೀಪ ಮಿನುಗಿಸಿ ಮುಂದೆ ಹೋಗುತ್ತಿದ್ದ. ಹದಿನಾಲ್ಕು ತಿರುವಿಗೂ ಹಾಗೇ. ನಾನು ಎಣಿಸಿದ್ದೇನೆ.

ಕೆಳಗೆ ಇಳಿದಾಗ ಗಾಳಿ ಬೆಚ್ಚಗಾಯಿತು. ಗ್ಲೌಸ್ ತೆಗೆದರೆ ಬಣ್ಣ ಬಿಟ್ಟು ಬೆರಳೆಲ್ಲ ಕಪ್ಪು. ಮಂಡಗದ್ದೆಯಲ್ಲಿ ಹೆಲ್ಮೆಟ್ ಒಳಗೆ ಏನು ಹೇಳಿದ್ದೆ ಅಂತ ಕೇಳಿದೆ. "ಗಾಡಿ ಯಾಕೋ ಮಿಸ್ ಹೊಡೀತಿದೆ, ಸ್ವಲ್ಪ ನಿಧಾನ ಹೋಗು ಅಂದೆ. ನೀನು ಹೂಂ ಅಂದೆ" ಅಂದ.

ಇವತ್ತು ಬುಧವಾರ. ಬೆಳಿಗ್ಗೆ ಮೇಷ್ಟ್ರ ಮೆಸೇಜು ಬಂದಿದೆ. "ಚೈನಿಗೆ ಎಣ್ಣೆ ಬಿಟ್ಯಾ? ಮಳೇಲಿ ಓಡಿದ ಗಾಡಿ, ತುಕ್ಕು ಹಿಡಿಯುತ್ತೆ." ಬಿಟ್ಟಿಲ್ಲ. ಗಾಡಿ ಬಂದ ಹಾಗೇ ಕೆಸರು ಮೆತ್ತಿಕೊಂಡು ನಿಂತಿದೆ. ಬಿಟ್ಟೆ ಅಂತ ಉತ್ತರ ಹಾಕಿ, ಎಣ್ಣೆ ಡಬ್ಬ ಎಲ್ಲಿಟ್ಟಿದ್ದೀನಿ ಅಂತ ಹುಡುಕೋಕೆ ಎದ್ದೆ.