ಶ್ರಾವಣದಲ್ಲಿ ಕುಡಿಯದಿದ್ದರೂ ರೊಕ್ಕ ಹೋದದ್ದೆಲ್ಲಿ? ವ್ಯಸನಮುಕ್ತಿ ಘಟಕದಲ್ಲಿ ಜೂಜನ್ನು ಗುರುತಿಸುವ ಕೆಲಸ

ವಿಜಯಪುರದ ಒಂದು ವ್ಯಸನಮುಕ್ತಿ ಘಟಕದಲ್ಲಿ ನಾನು ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಜಮಖಂಡಿ ಕಡೆಯಿಂದ ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕುಡಿತಕ್ಕಾಗಿ ದಾಖಲಾಗುತ್ತಾರೆ. ಕೆಲವರು ಗಾಂಜಾ, ಇನ್ನು ಕೆಲವರು ನಿದ್ದೆ ಗುಳಿಗೆಯ ಚಟಕ್ಕಾಗಿ ಬರುತ್ತಾರೆ. ಜೂಜಿನ ಚಟ ಬಿಡಿಸಿರೆಂದು ಕೇಳಿಕೊಂಡು ಬರುವವರು ತೀರ ಅಪರೂಪ. ಆದರೆ ಕುಡಿತಕ್ಕೆಂದು ದಾಖಲಾದವರೊಡನೆ ಸಮಾಧಾನದಿಂದ ಕುಳಿತು ಮಾತನಾಡಿದಾಗ ಓಸಿ (ನಂಬರಿನ ಮೇಲೆ ಹಣ ಕಟ್ಟುವ ಮಟ್ಕಾ), ಇಸ್ಪೀಟ್, ಕ್ರಿಕೆಟ್ ಬೆಟ್ಟಿಂಗ್, ಮೊಬೈಲಿನ ರಮ್ಮಿ ಒಂದೊಂದಾಗಿ ಹೊರಬರುತ್ತವೆ. ಬೇರೆ ಬೇರೆ ದೇಶಗಳ ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಅಧ್ಯಯನಗಳೂ ಇದನ್ನೇ ತೋರಿಸಿವೆ: ಮಾದಕ ವ್ಯಸನದ ಚಿಕಿತ್ಸೆಗೆ ಬಂದವರಲ್ಲಿ ಜೂಜಿನ ತೊಂದರೆ ಸಾಮಾನ್ಯ ಜನರಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು.

ಈ ವಿಷಯದಲ್ಲಿ ನನ್ನ ಕೆಲಸದ ರೀತಿಯನ್ನು ತಿದ್ದಿದ್ದು ಒಬ್ಬ ರೋಗಿಯ ಹೆಂಡತಿ ಕೇಳಿದ ಪ್ರಶ್ನೆ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿ ಹೇಳುತ್ತೇನೆ. ಅವರ ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು, ಎರಡನೆಯ ಸಲ ದಾಖಲಾಗಿದ್ದರು. ಕುಡಿತಕ್ಕೆ ತಿಂಗಳಿಗೆ ಎಷ್ಟು ಖರ್ಚಾಗುತ್ತಿತ್ತು ಎಂದು ನಾನು ಲೆಕ್ಕ ಬರೆದುಕೊಳ್ಳುತ್ತಿದ್ದಾಗ ಆಕೆ ತಡೆದು ಹೇಳಿದರು: “ಕುಡದ ದಿನ ರೊಕ್ಕ ಎಲ್ಲಿ ಹೋಕ್ಕಾವ ಅನ್ನೂದು ನನಗ ಗೊತ್ತೈತ್ರಿ ಅಕ್ಕಾರ. ಶ್ರಾವಣದಾಗ ಒಂದ ಹನಿ ಮುಟ್ಟಲಿಲ್ಲ, ಆದರೂ ನನ್ನ ಬೋರಮಾಳ ಹೋತು. ಅದು ಎಲ್ಲಿ ಹೋತ್ರಿ?” ಬೋರಮಾಳವೆಂದರೆ ಕೊರಳಿನ ಚಿನ್ನದ ಗುಂಡಿನ ಸರ.

ನಮ್ಮ ಭಾಗದಲ್ಲಿ ವರ್ಷವಿಡೀ ಕುಡಿಯುವ ಎಷ್ಟೋ ಗಂಡಸರು ಶ್ರಾವಣ ಮಾಸ ಬಂದರೆ ಕುಡಿತವನ್ನೂ ಮಾಂಸವನ್ನೂ ಬಿಡುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರೂ ವ್ರತ ಮುಗಿಯುವ ತನಕ ಹೆಂಡವನ್ನು ಮುಟ್ಟುವುದಿಲ್ಲ. ರೋಗನಿರ್ಣಯದ ದೃಷ್ಟಿಯಿಂದ ಈ ದಿನಗಳು ಬಹಳ ಬೆಲೆಯುಳ್ಳವು. ಕುಡಿದ ಅಮಲಿನಲ್ಲಿ ಮಾತ್ರ ಪಣ ಕಟ್ಟುವವರಿಗೂ, ಕುಡಿತದ ಹಂಗಿಲ್ಲದೆ ತನ್ನಷ್ಟಕ್ಕೆ ತಾನೇ ನಡೆಯುವ ಜೂಜಿನ ಚಟವುಳ್ಳವರಿಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದರೆ, ಆ ವ್ಯಕ್ತಿ ಕುಡಿಯದೆ ಇದ್ದ ಒಂದು ಉದ್ದನೆಯ ಅವಧಿಯಲ್ಲಿ ಏನಾಯಿತು ಎಂಬುದನ್ನು ನೋಡಬೇಕು. ಅಂಥ ಅವಧಿಯನ್ನು ನಾವು ಬೇರೆಲ್ಲೂ ಹುಡುಕಬೇಕಾಗಿಲ್ಲ, ಪಂಚಾಂಗವೇ ಅದನ್ನು ಕೊಟ್ಟಿದೆ.

ಹಾಗಾಗಿ ನಾನು ಒಂದು ದೊಡ್ಡ ಹಾಳೆಯ ಮೇಲೆ ಹಿಂದಿನ ಹನ್ನೆರಡು ತಿಂಗಳನ್ನು ಗೆರೆ ಹಾಕಿ ಬರೆಯುತ್ತೇನೆ. ತಾರೀಖು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಯುಗಾದಿ, ಐಪಿಎಲ್ ನಡೆದ ವಾರಗಳು, ಕಾರಹುಣ್ಣಿಮೆ, ನಾಗರ ಪಂಚಮಿ, ದೀಪಾವಳಿ, ಕಬ್ಬಿನ ಬಿಲ್ಲು ಬಂದ ದಿನ ಎಂದು ಕೇಳಿದರೆ ಎಲ್ಲವೂ ನೆನಪಾಗುತ್ತದೆ. ಕುಡಿದ ದಿನಗಳಿಗೆ ಕೆಂಪು ಪೆನ್ನು, ಆಡಿದ ದಿನಗಳಿಗೆ ನೀಲಿ ಪೆನ್ನು. ಪಂಚಮಿಯಲ್ಲಿ ನಿಂಬೆಹಣ್ಣು ಎಸೆಯುವ ಪಣವನ್ನಾಗಲಿ, ದೀಪಾವಳಿಯಲ್ಲಿ ಮನೆಮಂದಿಯ ನಡುವೆ ನಡೆಯುವ ಇಸ್ಪೀಟನ್ನಾಗಲಿ ನಾನು ರೋಗವೆಂದು ಬರೆಯುವುದಿಲ್ಲ, ಏಕೆಂದರೆ ಹಬ್ಬದ ಜೊತೆ ಮುಗಿಯುವ ಆಟ ಹಬ್ಬದ ಭಾಗವೇ ಆಗಿರುತ್ತದೆ. ಆದರೆ ಆ ಟ್ರ್ಯಾಕ್ಟರ್ ಚಾಲಕರ ಹಾಳೆಯಲ್ಲಿ ಶ್ರಾವಣದ ಉದ್ದಕ್ಕೂ ಕೆಂಪು ಗೆರೆ ಇರಲಿಲ್ಲ, ನೀಲಿ ಗೆರೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಅವರು ಫೋನ್‌ಪೇ ವಹಿವಾಟನ್ನು ತಾವಾಗಿಯೇ ತೆಗೆದು ತೋರಿಸಿದಾಗ ರಾತ್ರಿ ಹನ್ನೊಂದರಿಂದ ಎರಡರವರೆಗೆ ಇನ್ನೂರು, ಐನೂರು, ಮತ್ತೆ ಐನೂರು, ಸಾವಿರ ಎಂದು ಒಂದರ ಹಿಂದೆ ಒಂದು ಹಣ ಹೋದದ್ದು ಕಂಡಿತು. ಕುಡಿಯದ ಮನುಷ್ಯನ ರಾತ್ರಿಗಳು ಅವು.

ಪ್ರಶ್ನೆ ಕೇಳುವ ಬಗೆಯೂ ಮುಖ್ಯ. “ಜೂಜಾಡ್ತೀರೇನು?” ಎಂದರೆ ಬಹುಮಂದಿ ಇಲ್ಲ ಎನ್ನುತ್ತಾರೆ, ಪೊಲೀಸರ ಹೆದರಿಕೆಯೂ ಅದರಲ್ಲಿ ಸೇರಿದೆ. ಆಟಗಳನ್ನು ಒಂದೊಂದಾಗಿ ಹೆಸರಿಸಿ, “ಓಸಿ ನಂಬರ್ ಹಚ್ಚೀರೇನು? ಎಲಿ ಆಡೀರೇನು? ಮ್ಯಾಚಿಗೆ ಕಟ್ಟೀರೇನು?” ಎಂದು ಕೇಳಿದರೆ ಉತ್ತರ ಸಲೀಸಾಗಿ ಬರುತ್ತದೆ. ಆ ಬಳಿಕ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇನೆ: ಬರಬರುತ್ತಾ ಹೆಚ್ಚು ಹೆಚ್ಚು ಹಣ ಕಟ್ಟಬೇಕು ಅನ್ನಿಸಿದೆಯೇ, ಎಷ್ಟು ಆಡಿದಿರೆಂಬುದನ್ನು ಮನೆಯವರಿಂದ ಮುಚ್ಚಿಟ್ಟು ಸುಳ್ಳು ಹೇಳಬೇಕಾಗಿ ಬಂದಿದೆಯೇ. ಜಗತ್ತಿನ ಬಹಳ ಕಡೆ ಬಳಕೆಯಲ್ಲಿರುವ ಚಿಕ್ಕ ತಪಾಸಣೆ ಇದು. ಒಂದಕ್ಕಾದರೂ ಹೌದೆಂದರೆ ಮುಂದೆ ವಿವರವಾಗಿ ನೋಡಬೇಕು ಎಂದರ್ಥವೇ ಹೊರತು ರೋಗವಿದೆ ಎಂದಲ್ಲ.

ವಿವರವಾದ ನಿರ್ಣಯಕ್ಕೆ ನಮ್ಮ ಮನೋವೈದ್ಯರು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5ರ ಲಕ್ಷಣಗಳನ್ನು ಅನುಸರಿಸುತ್ತಾರೆ. 2013ರಲ್ಲಿ ಬಂದ ಈ ಆವೃತ್ತಿಯೇ ಜೂಜಿನ ರೋಗವನ್ನು ಹಠಾತ್ ಪ್ರವೃತ್ತಿಯ ರೋಗಗಳ ಗುಂಪಿನಿಂದ ತೆಗೆದು ಮದ್ಯ, ಮಾದಕ ವಸ್ತುಗಳ ವ್ಯಸನದ ಅಧ್ಯಾಯಕ್ಕೆ ಸೇರಿಸಿತು. ಒಂಬತ್ತು ಲಕ್ಷಣಗಳಲ್ಲಿ ನಾಲ್ಕಾದರೂ ಒಂದೇ ವರ್ಷದ ಅವಧಿಯಲ್ಲಿ ಇರಬೇಕು. ಕೇಳಲು ಇದು ಸುಲಭ, ಆದರೆ ಕುಡಿತವೂ ಇರುವವರಲ್ಲಿ ಇದೇ ಕಷ್ಟದ ಜಾಗ. ಆಟ ನಿಲ್ಲಿಸಿದರೆ ಚಡಪಡಿಕೆ, ಸಿಟ್ಟು ಎಂಬುದೊಂದು ಲಕ್ಷಣ. ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ಯಾರಿಗೆ ಚಡಪಡಿಕೆ ಇರುವುದಿಲ್ಲ? ಸಂಬಂಧ ಕೆಡುವುದು, ಕೆಲಸ ಹೋಗುವುದು, ಬೇರೆಯವರ ಕೈಗಡದ ಮೇಲೆ ಬದುಕುವುದು ಇವೆಲ್ಲ ಎರಡೂ ಚಟಗಳಿಂದ ಆಗುತ್ತವೆ. ಬೇಜಾರಾದಾಗ ಆಡುವುದು, ಬೇಜಾರಾದಾಗ ಕುಡಿಯುವುದು ಒಂದೇ ಸಂಜೆಯಲ್ಲಿ ನಡೆಯುತ್ತವೆ. ಹಾಗಾಗಿ ಪ್ರತಿ ಲಕ್ಷಣದ ಮುಂದೆಯೂ ಇದು ಯಾವುದರಿಂದ ಬಂತು ಎಂದು ಕೇಳದೆ ಗುರುತು ಹಾಕಿದರೆ ಇಲ್ಲದ ರೋಗ ಕಾಣಿಸಬಹುದು. ಎಲ್ಲವನ್ನೂ ಕುಡಿತದ ಖಾತೆಗೇ ಹಾಕಿದರೆ ಇರುವ ರೋಗ ತಪ್ಪಿಹೋಗಬಹುದು. ಎರಡನೆಯದು ನಮ್ಮಂಥ ಘಟಕಗಳಲ್ಲಿ ಹೆಚ್ಚು ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕುಡಿತದಲ್ಲಿ ಜೋಡಿಯೇ ಇಲ್ಲದ ಒಂದು ಲಕ್ಷಣವಿದೆ, ನಾನು ಹೆಚ್ಚು ನೆಚ್ಚಿಕೊಳ್ಳುವುದು ಅದನ್ನೇ. ಸೋತ ಮರುದಿನ ಸೋತದ್ದನ್ನು ತಿರುಗಿ ಪಡೆಯಲೆಂದೇ ಮತ್ತೆ ಆಡುವುದು ಅದು. “ಹೋದ ರೊಕ್ಕ ಹೊಳ್ಳಿ ತಗೀಬೇಕಲ್ರಿ” ಎಂಬ ಮಾತು ಬಂದ ಕೂಡಲೇ ನಾನು ಕಿವಿ ನಿಮಿರಿಸುತ್ತೇನೆ. ಅದರ ಜೊತೆಗೆ ಲೆಕ್ಕದ ಒಂದು ನಂಬಿಕೆಯೂ ಇರುತ್ತದೆ. ಓಸಿಯಲ್ಲಿ ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿ ನಂಬರುಗಳಿವೆ, ನಮ್ಮ ಕಡೆ ಒಂದು ರೂಪಾಯಿಗೆ ಎಂಬತ್ತು ಕೊಡುತ್ತೇವೆನ್ನುತ್ತಾರೆ. ಅಂದರೆ ನ್ಯಾಯವಾಗಿ ನಡೆದರೂ ಆಡುವವನು ಕೊನೆಗೆ ಸೋಲಲೇಬೇಕು. ಆದರೆ ನಲವತ್ತೇಳು ಹಚ್ಚಿ ನಲವತ್ತೆಂಟು ಬಂದವನಿಗೆ ಅದು ಸೋಲಾಗಿ ಕಾಣುವುದಿಲ್ಲ, ಗೆಲುವು ಹತ್ತಿರ ಬಂದಂತೆ ಕಾಣುತ್ತದೆ. ಹಳೆಯ ಚಾರ್ಟು ನೋಡಿ ನಾಳೆಯ ನಂಬರನ್ನು ಕೂಡಿ ಕಳೆದು ತೆಗೆಯುವವರನ್ನು ನಾನು ವಾರ್ಡಿನಲ್ಲೇ ಕಂಡಿದ್ದೇನೆ, ಅದೂ ಕುಡಿತ ಬಿಟ್ಟು ಮೈ ಸುಧಾರಿಸಿದ ಮೇಲೆ.

ಈ ಕಾರಣದಿಂದ ನಾನು ಜೂಜಿನ ವಿಷಯವನ್ನು ಎರಡು ಸಲ ಕೇಳುತ್ತೇನೆ. ದಾಖಲಾದ ದಿನ ಚುಟುಕಾಗಿ ಕೇಳಿ ಬಿಡುತ್ತೇನೆ. ಕೈ ನಡುಕ, ಬೆವರು, ನಿದ್ದೆಗೇಡಿತನ ಇಳಿದು ಮನಸ್ಸು ತಿಳಿಯಾದ ಮೇಲೆ ಹಾಳೆ ಹಿಡಿದು ಕೂರುತ್ತೇನೆ. ರೋಗಿಯ ಒಪ್ಪಿಗೆ ಪಡೆದು ಮನೆಯವರನ್ನು ಬೇರೆಯಾಗಿ ಕೇಳುತ್ತೇನೆ. ಇಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಹಕ್ಕನ್ನು ರೋಗಿಗೆ ಕೊಟ್ಟಿದೆ ಎಂದು ಮೊದಲೇ ತಿಳಿಸಿದರೆ ಮಾತು ತೆರೆಯುತ್ತದೆ. ಉನ್ಮಾದದ (ಮೇನಿಯಾ ಎಂಬ ಮಾನಸಿಕ ಕಾಯಿಲೆಯ) ಅವಧಿಯಲ್ಲಿ ಮಾತ್ರ ದುಡ್ಡು ಸುರಿದವರಲ್ಲಿ ಜೂಜಿನ ರೋಗವೆಂದು ಬರೆಯುವಂತಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಗುಳಿಗೆಗಳಿಂದಲೂ ಜೂಜಿನ ಹಂಬಲ ಹುಟ್ಟುವುದುಂಟು, ಆದ್ದರಿಂದ ವಯಸ್ಸಾದವರ ಔಷಧದ ಚೀಟಿಯನ್ನು ವೈದ್ಯರು ನೋಡಲೇಬೇಕು.

ಸಾಲದ ಮೊತ್ತ ಹೊರಬಂದ ದಿನವೇ ಸಾಯುವ ವಿಚಾರ ಬಂದಿದೆಯೇ ಎಂದು ನೇರವಾಗಿ ಕೇಳುತ್ತೇನೆ. ಕುಡಿತ, ಜೂಜು ಎರಡೂ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು, ಅದರಲ್ಲೂ ಮನೆಯವರಿಗೆ ಸಾಲ ಗೊತ್ತಾಗುವ ಹೊತ್ತು ಬಹಳ ಸೂಕ್ಷ್ಮವಾದದ್ದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ರೋಗಿಗೂ ಮನೆಯವರಿಗೂ ಬರೆದುಕೊಡುತ್ತೇನೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ನಿಷೇಧವಾದವು. ಆಡುವವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಆಡಿಸುವವರಿಗಿದೆ. ಇದನ್ನು ತಿಳಿಸಿದರೆ ಹೆದರಿಕೆ ಇಳಿಯುತ್ತದೆ. “ಆ್ಯಪ್ ಬಂದಾಗ್ಯಾವ, ಈಗೇನಿಲ್ರಿ” ಎಂದವರನ್ನು ಅಲ್ಲಿಗೇ ಬಿಡದೆ, ಈಗ ಅದರ ಬದಲು ಏನು ಆಡುತ್ತೀರಿ ಎಂದು ಕೇಳುತ್ತೇನೆ.

ಜೂಜಿನ ರೋಗ ಖಚಿತವಾದರೆ ಬಿಡುಗಡೆಯ ಪತ್ರದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯುವಂತೆ ವೈದ್ಯರನ್ನು ಕೋರುತ್ತೇನೆ, ಏಕೆಂದರೆ ಕುಡಿತವೊಂದನ್ನೇ ಬರೆದರೆ ಮುಂದೆ ನೋಡುವವರು ಕುಡಿತವೊಂದನ್ನೇ ಕೇಳುತ್ತಾರೆ. ಕುಡಿತ ಬಿಟ್ಟವನ ಮನೆಬಾಗಿಲಿಗೆ ಬಡ್ಡಿಯವರು ಬಂದು ನಿಂತ ದಿನ ಆತ ಮತ್ತೆ ಬಾಟಲಿ ಹಿಡಿದರೆ ಅದರ ಕಾರಣ ಯಾರಿಗೂ ತಿಳಿಯುವುದಿಲ್ಲ. ಆ ಟ್ರ್ಯಾಕ್ಟರ್ ಚಾಲಕರೊಡನೆ ಕುಳಿತು ಸಾಲದ ಪಟ್ಟಿ ಮಾಡಿದೆವು, ದುಡಿದ ಹಣ ಕೆಲವು ತಿಂಗಳು ಹೆಂಡತಿಯ ಖಾತೆಗೆ ಬರಲಿ ಎಂದು ಅವರೇ ಒಪ್ಪಿದರು. ಅವರ ಮರುಭೇಟಿಯ ದಿನಗಳನ್ನು ಎಲ್ಲರಂತೆ ಹದಿನೈದು ದಿನಕ್ಕೊಮ್ಮೆ ಇಡದೆ, ಕಾರ್ಖಾನೆಯಿಂದ ಬಾಡಿಗೆ ಹಣ ಬರುವ ವಾರಕ್ಕೆ ಒಂದು, ಐಪಿಎಲ್ ಶುರುವಾಗುವ ವಾರಕ್ಕೆ ಒಂದು, ಶ್ರಾವಣದ ನಡುವೆ ಒಂದು ಎಂದು ಕಾರ್ಡಿನ ಮೇಲೆ ಬರೆದುಕೊಟ್ಟಿದ್ದೇನೆ.