ನೆನೆಸಿದ ಹಾಳೆ

2020ರ ಮಾರ್ಚ್ 24, ಮಂಗಳವಾರ. ಮಾರನೇ ದಿನ ಯುಗಾದಿ. ಸಂಜೆ ಸಿಮೆಂಟ್ ತೊಟ್ಟಿಯಲ್ಲಿ ಊಟದ ತಟ್ಟೆ ಮಾಡಲು 500 ಅಡಿಕೆ ಹಾಳೆ ನೆನೆಹಾಕಿದ್ದೆ. ಎಂಟು ಗಂಟೆಗೆ ಟಿವಿಯಲ್ಲಿ ಪ್ರಧಾನಿ ಬಂದು, ಇವತ್ತು ಮಧ್ಯರಾತ್ರಿಯಿಂದ 21 ದಿನ ಇಡೀ ದೇಶ ಬಂದ್ ಅಂದರು. ಒಂಬತ್ತಕ್ಕೆ ಅಡುಗೆ ಕಂಟ್ರಾಕ್ಟರ್ ಫೋನ್ ಬಂತು.

"ಅಕ್ಕಾ, ಏಪ್ರಿಲ್ ಮದುವೆ ಎಲ್ಲಾ ಕ್ಯಾನ್ಸಲ್. ತಟ್ಟೆ ಬೇಡ."

ಮದುವೆಗೆ ನೂರು ಜನಕ್ಕಿಂತ ಜಾಸ್ತಿ ಸೇರಬಾರದು ಎಂದು ಸರ್ಕಾರ ಮೊದಲೇ ಹೇಳಿತ್ತು. "ಅಷ್ಟರಲ್ಲಿ ಎಲ್ಲಾ ಸರಿಹೋಗುತ್ತೆ, ನೀವು ಮಾಡ್ತಾ ಇರಿ" ಎಂದು ಧೈರ್ಯ ಹೇಳಿದವರೂ ಈ ಕಂಟ್ರಾಕ್ಟರೇ. ತಪ್ಪು ಅವರದ್ದಲ್ಲ ಬಿಡಿ. ಆ ಮಾತು ನನಗೂ ಬೇಕಾಗಿತ್ತು.

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಈ ಕೆಲಸ ಶುರು ಮಾಡಿದ್ದು 2017ರಲ್ಲಿ. ಅದರ ಹಿಂದಿನ ವರ್ಷ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ ನಿಷೇಧವಾಗಿತ್ತು. ಇನ್ನು ಹಾಳೆ ತಟ್ಟೆಗೆ ಎದುರಿಲ್ಲ ಅಂದುಕೊಂಡಿದ್ದೆ. ಅಂಗಡಿಗಳಲ್ಲಿ ಪ್ಲಾಸ್ಟಿಕ್ ತಟ್ಟೆ ಆರಾಮಾಗಿ ಸಿಗುತ್ತಲೇ ಇತ್ತು, ಆ ಮಾತು ಬೇರೆ. ಸಾಲ ತೆಗೆದದ್ದು ಸ್ವಂತ ಉದ್ಯೋಗ ಶುರು ಮಾಡುವವರಿಗೆ ಕೇಂದ್ರ ಸರ್ಕಾರ ತಂದ ಪಿಎಂಇಜಿಪಿ ಯೋಜನೆಯಲ್ಲಿ. ಹಳ್ಳಿಯ ಹೆಂಗಸರಿಗೆ ಶೇ. 35 ಸಬ್ಸಿಡಿ. ಆದರೆ ಆ ದುಡ್ಡು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಮಧ್ಯದಲ್ಲಿ ಬಾಗಿಲು ಹಾಕಿದರೆ ಅದೂ ಕೈತಪ್ಪುವ ಭಯ.

ಆ ರಾತ್ರಿ ಇದೆಲ್ಲ ಲೆಕ್ಕ ಹಾಕುತ್ತಾ ನಿದ್ದೆ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ತೊಟ್ಟಿ ನೋಡಿದೆ. ಹಾಳೆ ಮೆತ್ತಗೆ, ಬಾಗಿಸಿದರೆ ಬಾಗುವ ಹದಕ್ಕೆ ಬಂದಿತ್ತು. ಹಾಗೇ ಬಿಟ್ಟರೆ ಲೋಳೆಗಟ್ಟುತ್ತದೆ. ತಿರುಗಿ ಒಣಗಿಸಿದರೆ ಕಲೆ ಬೀಳುತ್ತದೆ, ತಟ್ಟೆ ಒತ್ತುವ ಅಚ್ಚು, ಅಂದರೆ ಡೈಯಲ್ಲಿ ಸೀಳುತ್ತದೆ. ಮದುವೆ ನಿಂತಿದ್ದು ಅದಕ್ಕೇನು ಗೊತ್ತು?

"ಹಬ್ಬದ ದಿನ ಮಷಿನ್ ಹಾಕ್ತೀಯಾ?" ಅಂದರು ಅತ್ತೆ.

"ನೆನೆದುಬಿಟ್ಟಿದೆ ಅತ್ತೆ."

ಅವರು ಮತ್ತೇನೂ ಕೇಳಲಿಲ್ಲ. ಕೆಲಸದವರು ಬರುವ ಹಾಗಿರಲಿಲ್ಲ. ನಾನು ಪ್ರೆಸ್‌ಗೆ ನಿಂತೆ, ನಮ್ಮನೆಯವರು ಹಾಳೆ ಉಜ್ಜಿ ತೊಳೆದು ಕೊಟ್ಟರು. ಕಾದ ಡೈ ಮೇಲೆ ಒದ್ದೆ ಹಾಳೆ ಇಟ್ಟು ಒತ್ತಿದ ಕೂಡಲೇ ಚುಂಯ್ ಎಂದು ಹಬೆ ಏಳುತ್ತದೆ. ಒಂದು ಹಾಳೆಯ ಅಗಲದ ಕಡೆಯಿಂದ ಊಟದ ತಟ್ಟೆ, ಉಳಿದ ತುದಿಯಲ್ಲಿ ಒಂದು ತಿಂಡಿ ತಟ್ಟೆ. ಮಧ್ಯಾಹ್ನ ಅತ್ತೆ ಬೇವು-ಬೆಲ್ಲ ತಂದು ಬಾಯಿಗೇ ಹಾಕಿದರು, ನನ್ನ ಕೈ ತುಂಬ ಹಾಳೆಯ ಕೊಳೆ. ಆಮೇಲೆ ರಾಶಿಯಿಂದ ಇನ್ನೂ ಬೆಚ್ಚಗಿದ್ದ ಒಂದು ತಟ್ಟೆ ತೆಗೆದು ಒಬ್ಬಟ್ಟು ಬಡಿಸಿದರು. ಮೂರು ವರ್ಷದಲ್ಲಿ ನಮ್ಮದೇ ತಟ್ಟೆಯಲ್ಲಿ ನಾವು ಹಬ್ಬದೂಟ ಮಾಡಿದ್ದು ಅದೇ ಮೊದಲು!

ರಾತ್ರಿ ಎಂಟಕ್ಕೆ ತೊಟ್ಟಿ ಖಾಲಿಯಾಯಿತು. ದೊಡ್ಡದು ಚಿಕ್ಕದು ಸೇರಿ 900 ಚಿಲ್ಲರೆ ತಟ್ಟೆ. ಕೊಳ್ಳುವವರು ಒಬ್ಬರೂ ಇಲ್ಲ.

ಕಂತು ಮುಂದಕ್ಕೆ ಹಾಕಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಮೇ ತಿಂಗಳಲ್ಲಿ ಮುಂಬೈಯಿಂದ ಬಂದವರನ್ನು ಹಾಸ್ಟೆಲ್‌ನಲ್ಲಿ ಕ್ವಾರಂಟೈನ್ ಮಾಡಿದಾಗ, ಅಲ್ಲಿಗೆ ಅಡುಗೆ ಮಾಡುವವರೊಬ್ಬರು 1,200 ತಟ್ಟೆ ಒಯ್ದರು. ದುಡ್ಡು ಬಂದದ್ದು ಸೆಪ್ಟೆಂಬರಿನಲ್ಲಿ.

ಜುಲೈ ಇನ್ನೂ ಕೆಟ್ಟದಾಗಿತ್ತು. ಮಲೆನಾಡಿನ ಮಳೆ ಗೊತ್ತಲ್ಲ. ಅಟ್ಟದ ಕಟ್ಟು ಬಿಚ್ಚಿದರೆ ಹಳೇ ದಾಸ್ತಾನಿಗೆಲ್ಲ ಬಿಳಿ ಬೂಸ್ಟು. ಒರೆಸಿ ಮಾರಬಹುದಿತ್ತು, ಸುಮ್ನೆ ಸುಳ್ಳು ಯಾಕೆ, ಆ ಯೋಚನೆ ಬಂದಿತ್ತು. ಅತ್ತೆ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿದರು. ವಾಸನೆ ಬಂದದ್ದು ಗೊಬ್ಬರದ ಗುಂಡಿಗೆ, ಉಳಿದದ್ದು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ. ಗುಂಡಿಗೆ ಹೋದವು 700.

ಡಿಸೆಂಬರಿನಲ್ಲಿ ತೋಟಗಳಲ್ಲಿ ಹಾಳೆ ಬೀಳಲು ಶುರುವಾಯಿತು. ಒಂದು ಬೆಳಿಗ್ಗೆ, ಪ್ರತಿವರ್ಷ ಹಾಳೆ ತರುವ ಅಜ್ಜಿ ತಲೆಹೊರೆ ಹೊತ್ತು ಅಂಗಳಕ್ಕೆ ಬಂದರು. ಇಳಿಸಲಿಲ್ಲ.

"ಈ ವರ್ಷ ತಗೊಳ್ತೀರಾ ಅಮ್ಮ? ಇಲ್ಲಾಂದ್ರೆ ದನಕ್ಕೆ ಹಾಕ್ತೀನಿ."

ಅಟ್ಟದಲ್ಲಿ ಇನ್ನೂ ಮಾರದ ತಟ್ಟೆ ಇತ್ತು. ನಾನು ಹೋಗಿ ಹೊರೆಗೆ ಕೈ ಕೊಟ್ಟೆ. ಇಬ್ಬರೂ ಕೂತು ಎಣಿಸಿದೆವು. 112 ಇತ್ತು.